ನೆಲನೆಲ್ಲಿಯೂ ಕಾಮಣಿಯೂ

ಮುಂಗಾರಿನ ಎರಡು ಹದಮಳೆ ಬಿದ್ದವೆಂದರೆ ಸಾಕು, ಗದಗ-ಬೆಟಗೇರಿಯ ಸುತ್ತಣ ಹೊಲಗಳ ಬದುವಿನಲ್ಲಿ, ಹಿತ್ತಿಲ ಬಚ್ಚಲ ನೀರು ಹರಿಯುವಲ್ಲಿ, ಶಾಲೆಯ ಗೋಡೆಯ ಬುಡದಲ್ಲಿ, ಯಾರೂ ಬಿತ್ತದ ಒಂದು ಸಣ್ಣ ಗಿಡ ತಲೆಯೆತ್ತುತ್ತದೆ. ಅದರ ಎತ್ತರ ಒಂದು ಮೊಳಕ್ಕೆ ಮೀರುವುದು ಅಪರೂಪ. ಕಡ್ಡಿಯ ಎರಡು ಪಕ್ಕಕ್ಕೂ ಸಾಲಾಗಿ ಜೋಡಿಸಿದ ಪುಟ್ಟ ಎಲೆಗಳನ್ನು ಕಂಡರೆ ಹುಣಸೆಯ ಎಲೆಯ ನೆನಪಾಗುವುದು. ಆ ಕಡ್ಡಿಯನ್ನು ಮಗುಚಿ ನೋಡಿದಾಗಲೇ ಅದರ ನಿಜವಾದ ಗುರುತು ಸಿಗುವುದು: ಎಲೆಗಳ ಕೆಳಗೆ ಸಾಸಿವೆಗಿಂತ ತುಸು ದೊಡ್ಡವಾದ ಹಸಿರು ಕಾಯಿಗಳು, ನೆಲ್ಲಿಕಾಯಿಯ ಮರಿಗಳಂತೆ, ಒಂದರ ಹಿಂದೊಂದು ತೂಗಾಡುತ್ತಿರುತ್ತವೆ. ಇದೇ ನೆಲನೆಲ್ಲಿ. ಕೆಲವರಿಗೆ ಕಿರುನೆಲ್ಲಿ. ಸಂಸ್ಕೃತದ ವೈದ್ಯಗ್ರಂಥಗಳಲ್ಲಿ ಭೂಮ್ಯಾಮಲಕಿ. ಸಸ್ಯಶಾಸ್ತ್ರಜ್ಞರು ಇದನ್ನು ಫಿಲಾಂಥಸ್ ಅಮಾರಸ್ ಎಂದು ಕರೆಯುವರು. ಅಮಾರಸ್ ಎಂದರೆ ಕಹಿ. ಒಂದೆಲೆಯನ್ನು ಅಗಿದವರಿಗೆ ಈ ಹೆಸರಿನ ಔಚಿತ್ಯವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಸಂಜೆಯಾಗುತ್ತಲೆ ಈ ಗಿಡದ ಎಲೆಗಳು ಮಡಿಚಿಕೊಂಡು ಮಲಗುತ್ತವೆ, ಬೆಳಗಾದೊಡನೆ ಬಿಚ್ಚಿಕೊಳ್ಳುತ್ತವೆ. ಎಲೆಯ ಬುಡದಲ್ಲಿರುವ ಜೀವಕೋಶಗಳೊಳಗಿನ ನೀರಿನ ಒತ್ತಡ ಒಂದು ಪಕ್ಕದಲ್ಲಿ ಹೆಚ್ಚಿ ಇನ್ನೊಂದು ಪಕ್ಕದಲ್ಲಿ ತಗ್ಗುವುದೇ ಇದರ ಯಂತ್ರ. ನಮ್ಮ ಹಿರಿಯರು ಒತ್ತಡವನ್ನು ಅಳೆದವರಲ್ಲ, ಆದರೆ ಗಿಡ ಮಲಗುವುದನ್ನು ಕಂಡಿದ್ದರು. ಮಲಗಿದ ಗಿಡವನ್ನು ಕೀಳಬಾರದು, ಸೂರ್ಯೋದಯದ ಹೊತ್ತಿಗೆ ಯಾರೊಡನೆಯೂ ಮಾತನಾಡದೆ ಹೋಗಿ ಬೇರುಸಹಿತ ಕಿತ್ತು ತರಬೇಕು, ಬರಿಹೊಟ್ಟೆಯಲ್ಲಿ ಕೊಡಬೇಕು, ಕೊಡುವವನು ಹಣ ಮುಟ್ಟಬಾರದು, ಯಾವ ಗಿಡವೆಂದು ಬಾಯಿಬಿಟ್ಟರೆ ಗುಣ ಕೆಡುವುದು ಎಂಬ ನೇಮಗಳನ್ನು ನಾವು ಹಳ್ಳಿಗಳಲ್ಲಿ ಕೇಳಿದ್ದೇವೆ. ಈ ನೇಮಗಳೆಲ್ಲ ಸುತ್ತುವುದು ಒಂದೇ ರೋಗದ ಸುತ್ತ. ಮೈಸೂರಿನ ಕಡೆಯವರು ಅದನ್ನು ಕಾಮಾಲೆಯೆನ್ನುವರು. ನಮ್ಮ ಕಡೆ ಅದು ಕಾಮಣಿ.

ಭೌತವಿಜ್ಞಾನವನ್ನು ಬೋಧಿಸುವವರಿಗೆ ಕಾಮಣಿಯ ಗೊಡವೆಯೇಕೆ ಎಂದು ವಾಚಕರು ಕೇಳಬಹುದು. ಕೇಳತಕ್ಕದ್ದೇ. ನಮ್ಮ ತರಗತಿಯ ವಿದ್ಯಾರ್ಥಿಯೊಬ್ಬನು ಕಳೆದ ವರ್ಷ ಮೂರು ವಾರ ಕಾಣಲಿಲ್ಲ. ಮರಳಿ ಬಂದಾಗ ಸೊರಗಿದ್ದನು, ಆದರೆ ಉತ್ಸಾಹದಲ್ಲಿದ್ದನು. ಮುಂಡರಗಿಯ ಕಡೆಯ ಅವನ ಊರಿನಲ್ಲಿ ಹಿರಿಯರೊಬ್ಬರು ಮೂರು ದಿನ ನೆಲನೆಲ್ಲಿಯ ರಸವನ್ನು ಮಜ್ಜಿಗೆಯಲ್ಲಿ ಕದಡಿ ಕೊಟ್ಟರಂತೆ. ಕಣ್ಣಿನ ಹಳದಿ ಇಳಿಯಿತಂತೆ. ಪ್ರಯೋಗಶಾಲೆಯಲ್ಲಿ ವರ್ನಿಯರ್ ಕ್ಯಾಲಿಪರ್ಸ್ ಹಿಡಿದುಕೊಂಡೇ ಅವನು ಕೇಳಿದ ಪ್ರಶ್ನೆ ಇದು: “ಸರ, ನನಗ ಆರಾಮ ಆಗೇತಲ್ರೀ. ಇದಕ್ಕಿಂತ ಬ್ಯಾರೆ ಪುರಾವೆ ಏನ್ ಬೇಕ್ರಿ?”

ಈ ಪ್ರಶ್ನೆಗೆ ಆ ದಿನ ನಾವು ಕೊಟ್ಟ ಉತ್ತರ ಸಾಲದಾಯಿತೆಂದು ಅಂದಿನಿಂದ ನಮ್ಮನ್ನು ಕೊರೆಯುತ್ತಿದೆ. ನಮ್ಮ ಸಹೋದ್ಯೋಗಿಗಳಲ್ಲಿ ಒಬ್ಬರು “ಎಲ್ಲವೂ ಮೂಢನಂಬಿಕೆ” ಎಂದು ನಕ್ಕುಬಿಟ್ಟರು. ಮತ್ತೊಬ್ಬರು “ಋಷಿಗಳು ಕಂಡದ್ದನ್ನು ಪ್ರಶ್ನಿಸಲು ನಾವಾರು” ಎಂದು ಕೈಮುಗಿದರು. ಇವೆರಡೂ ಒಂದೇ ಬಗೆಯ ಸೋಮಾರಿತನವೆಂಬುದು ನಮ್ಮ ಅಭಿಪ್ರಾಯ. ನಕ್ಕವರು ಗಿಡವನ್ನು ಪರೀಕ್ಷಿಸಲಿಲ್ಲ, ಕೈಮುಗಿದವರೂ ಪರೀಕ್ಷಿಸಲಿಲ್ಲ.

ಹುಡುಗನ ಕೈಯಲ್ಲಿದ್ದ ವರ್ನಿಯರಿನಿಂದಲೇ ಪ್ರಾರಂಭಿಸೋಣ. ಆ ಉಪಕರಣದಿಂದ ಯಾವುದನ್ನು ಅಳೆಯುವ ಮುನ್ನವೂ ಅದರ ಎರಡು ದವಡೆಗಳನ್ನು ಮುಚ್ಚಿ, ನಡುವೆ ಏನೂ ಇಲ್ಲದಾಗ ಅಳತೆ ಎಷ್ಟು ತೋರಿಸುತ್ತದೆಂದು ನೋಡಬೇಕೆಂಬುದು ಪ್ರತಿಯೊಬ್ಬ ವಿದ್ಯಾರ್ಥಿಗೂ ಗೊತ್ತು. ಅದೇ ಶೂನ್ಯದೋಷ. ಏನೂ ಇಲ್ಲದಾಗಲೇ ಅದು ಎರಡು ಗೆರೆ ತೋರಿಸುವುದಾದರೆ, ಗೋಲಿಯನ್ನಿಟ್ಟು ಅಳೆದಾಗ ಬಂದ ಅಂಕಿಯಲ್ಲಿ ಆ ಎರಡು ಗೆರೆ ಗೋಲಿಯದಲ್ಲ, ಉಪಕರಣದ್ದು. ಈಗ ಔಷಧಿಯ ವಿಷಯಕ್ಕೆ ಬನ್ನಿ. ಯಾವ ಔಷಧವನ್ನೂ ಕೊಡದಿದ್ದರೆ ಕಾಮಣಿಯಾದವರಲ್ಲಿ ಎಷ್ಟು ಮಂದಿಗೆ ಗುಣವಾಗುತ್ತದೆ? ಇದು ಕಾಮಣಿಯ ಶೂನ್ಯದೋಷ. ಇದನ್ನು ತಿಳಿಯದೆ ನೆಲನೆಲ್ಲಿಯ ಗುಣವನ್ನು ಅಳೆಯಲಾಗದು.

ಕಾಮಣಿಯೆಂಬುದು ಒಂದು ರೋಗದ ಹೆಸರಲ್ಲ, ಒಂದು ಲಕ್ಷಣದ ಹೆಸರು. ರಕ್ತದ ಕೆಂಪು ಕಣಗಳು ಮುಪ್ಪಾಗಿ ಒಡೆದಾಗ ಬಿಲಿರುಬಿನ್ ಎಂಬ ಹಳದಿಯ ವಸ್ತು ಹುಟ್ಟುತ್ತದೆ. ಯಕೃತ್ತು ಅದನ್ನು ಹಿಡಿದು ಪಿತ್ತರಸದೊಡನೆ ಹೊರಗೆ ಸಾಗಿಸುತ್ತದೆ. ಆರೋಗ್ಯವಂತರ ರಕ್ತದ ನೂರು ಮಿಲಿಲೀಟರಿನಲ್ಲಿ ಅದು ಸುಮಾರು ೧ ಮಿಲಿಗ್ರಾಮಿನಷ್ಟು ಅಥವಾ ಅದಕ್ಕೂ ಕಡಿಮೆ ಇರುವುದು. ೨-೩ ಮಿಲಿಗ್ರಾಮಿಗೆ ಏರಿತೆಂದರೆ ಕಣ್ಣಿನ ಬಿಳಿಯ ಭಾಗ ಹಳದಿಯಾಗಿ ಕಾಣುವುದು. ಏರಿಕೆಗೆ ಕಾರಣಗಳು ಹಲವು. ಕೆಟ್ಟ ನೀರಿನ ಮೂಲಕ ಬರುವ ಹೆಪಟೈಟಿಸ್ ‘ಎ’ ಮತ್ತು ‘ಇ’ ವೈರಸುಗಳು, ರಕ್ತದ ಮೂಲಕ ಬರುವ ‘ಬಿ’ ಮತ್ತು ‘ಸಿ’, ಮದ್ಯ, ಕೆಲವು ಮಾತ್ರೆಗಳು, ಪಿತ್ತನಾಳದಲ್ಲಿ ಸಿಕ್ಕಿಕೊಂಡ ಕಲ್ಲು, ಗಂಟು. ಹಳದಿ ಒಂದೇ, ಬೇನೆ ಹತ್ತು.

ನಮ್ಮ ಊರುಗಳ ಹುಡುಗರಿಗೆ ಬರುವ ಕಾಮಣಿ ಬಹುಮಟ್ಟಿಗೆ ನೀರಿನಿಂದ ಬಂದದ್ದು. ಹೆಪಟೈಟಿಸ್ ‘ಎ’ ಆದರೆ, ಎಳೆಯ ವಯಸ್ಸಿನ ಆರೋಗ್ಯವಂತರಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಮಂದಿಗೆ ಅದು ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ವೈರಸನ್ನು ದೇಹವೇ ಹೊರದೂಡುತ್ತದೆ. ವೈದ್ಯರೂ ಇದಕ್ಕೆ ಗುರಿಯಿಟ್ಟು ಹೊಡೆಯುವ ಮಾತ್ರೆಯನ್ನು ಕೊಡುವುದಿಲ್ಲ. ವಿಶ್ರಾಂತಿ, ನೀರು, ಆಹಾರ, ಎಚ್ಚರ ಇಷ್ಟನ್ನೇ ಹೇಳುವರು. ಹೀಗಿರುವಾಗ ಮೂರು ದಿನ ನೆಲನೆಲ್ಲಿ ಕುಡಿದವನೂ ಗುಣಹೊಂದುವನು, ಮೂರು ದಿನ ಬರಿಯ ಮಜ್ಜಿಗೆ ಕುಡಿದವನೂ ಗುಣಹೊಂದುವನು, ತೋಳಿಗೆ ಬರೆ ಹಾಕಿಸಿಕೊಂಡವನೂ ಪಾಪ ಗುಣಹೊಂದುವನು. ಗಾಯ ಮಾತ್ರ ಅವನಿಗೆ ಲಾಭ.

ಒಂದು ಲೆಕ್ಕ ಮಾಡಿ ನೋಡೋಣ. ಒಬ್ಬ ಸಜ್ಜನರು ವರ್ಷಕ್ಕೆ ನೂರು ಮಂದಿಗೆ ಔಷಧ ಕೊಡುವರೆಂದು ಭಾವಿಸಿ. ಅವರಲ್ಲಿ ತೊಂಬತ್ತೆಂಟು ಮಂದಿ ಗುಣವಾಗಿ ತೆಂಗಿನಕಾಯಿ ಹಿಡಿದುಕೊಂಡು ಕೃತಜ್ಞತೆ ಹೇಳಲು ಬರುವರು, ಹತ್ತು ಮಂದಿಗೆ ಸುದ್ದಿ ಹರಡುವರು. ಉಳಿದ ಇಬ್ಬರಿಗೆ ಕಾಯಿಲೆ ಏರಿತು. ಮನೆಯವರು ಐದನೆಯ ದಿನ ಗಾಡಿ ಕಟ್ಟಿಸಿಕೊಂಡು ಆಸ್ಪತ್ರೆಗೆ ಒಯ್ದರು. ಅಲ್ಲಿ ಒಬ್ಬರು ತೀರಿಕೊಂಡರು. ಈ ಸಾವು ಯಾರ ಲೆಕ್ಕಕ್ಕೆ ಬರೆಯಲ್ಪಡುತ್ತದೆ? ಆಸ್ಪತ್ರೆಯ ಲೆಕ್ಕಕ್ಕೆ. ಔಷಧ ಕೊಟ್ಟ ಹಿರಿಯರು ಸುಳ್ಳುಗಾರರಲ್ಲ. ಅವರ ಕಣ್ಣಿಗೆ ಬಿದ್ದವರೆಲ್ಲ ಗುಣವಾದವರೇ. ಅವರ ಅನುಭವ ನೂರಕ್ಕೆ ನೂರು ಪ್ರಾಮಾಣಿಕ, ಆದರೂ ಅದು ಪುರಾವೆಯಲ್ಲ. ಸತ್ತವರು ಸಾಕ್ಷಿ ಹೇಳಲು ಬರುವುದಿಲ್ಲ.

ಕಣ್ಣಿಗೆ ಕಾಣುವ ಪುರಾವೆಯೂ ಮೋಸಮಾಡಬಹುದೆಂಬುದಕ್ಕೆ ಉತ್ತರ ಭಾರತದ ಹಲವೆಡೆಗಳಲ್ಲಿರುವ ಕಾಮಾಲೆಯ ಸರವೇ ಸಾಕ್ಷಿ. ಒಂದು ಮೂಲಿಕೆಯ ಹಸಿ ಕಡ್ಡಿಗಳನ್ನು ಚಿಕ್ಕ ಚಿಕ್ಕದಾಗಿ ಕತ್ತರಿಸಿ, ದಾರದಲ್ಲಿ ಗಂಟುಹಾಕಿ ಪೋಣಿಸಿ, ರೋಗಿಯ ತಲೆಯ ಮೇಲೆ ಅಥವಾ ಕೊರಳಲ್ಲಿ ಹಾಕುವರು. ದಿನ ಕಳೆದಂತೆ ಸರ ಉದ್ದವಾಗುತ್ತ ಕೆಳಗಿಳಿಯುತ್ತದೆ. ಅದು ಇಳಿದಂತೆಲ್ಲ ರೋಗ ಇಳಿಯಿತೆಂದು ತಿಳಿಯುವರು. ನಾವು ನಮ್ಮ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳಿಂದ ಉತ್ತರಾಣಿಯ ಹಸಿ ಕಡ್ಡಿಗಳ ಅಂಥದೇ ಒಂದು ಸರವನ್ನು ಮಾಡಿಸಿ ಗೋಡೆಯ ಮೊಳೆಗೆ ತೂಗುಹಾಕಿದೆವು. ಕಡ್ಡಿಯೊಳಗಿನ ನೀರು ಆರಿ ಅದು ಸೊರಗಿದಂತೆ, ಅದನ್ನು ಸುತ್ತಿದ್ದ ದಾರದ ಕುಣಿಕೆಗಳು ಸಡಿಲಗೊಂಡು ಉದ್ದಕ್ಕೆ ಎಳೆದುಕೊಂಡವು. ನಾಲ್ಕಾರು ದಿನಗಳಲ್ಲಿ ಸರ ಕಣ್ಣಿಗೆ ಕಾಣುವಷ್ಟು ಉದ್ದವಾಯಿತು. ಮೊಳೆಗೆ ಕಾಮಣಿಯಾಗಿರಲಿಲ್ಲವೆಂದು ವಿದ್ಯಾರ್ಥಿಗಳಿಗೆ ನಾವು ಹೇಳಬೇಕಾಗಲಿಲ್ಲ. ಇದೇ ಜಾತಿಗೆ ಸೇರಿದ ಇನ್ನೊಂದು ಚಮತ್ಕಾರ, ಸುಣ್ಣದ ತಿಳಿನೀರಿನಲ್ಲಿ ರೋಗಿಯ ಕೈ ತೊಳೆಯಿಸಿ ನೀರು ಹಳದಿಯಾಗುವುದನ್ನು ತೋರಿಸುವುದು. ಮೊದಲೇ ಕೈಗೆ ಮಾವಿನ ತೊಗಟೆಯ ರಸವನ್ನು ಸವರಿದ್ದರೆ ಯಾರ ಕೈಯಿಂದಲೂ ಆ ಹಳದಿ ಬರುತ್ತದೆ.

ಆದರೆ ಸರವನ್ನೂ ಗಿಡದ ರಸವನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಎರಡನ್ನೂ ಎಸೆದುಬಿಡುವುದು ನ್ಯಾಯವಲ್ಲ. ಕೊರಳ ಹೊರಗಿರುವ ದಾರ ಯಕೃತ್ತನ್ನು ಮುಟ್ಟುವ ದಾರಿಯೇ ಇಲ್ಲ. ಹೊಟ್ಟೆಯೊಳಗೆ ಹೋದ ರಸಕ್ಕೆ ಆ ದಾರಿ ಉಂಟು. ನೆಲನೆಲ್ಲಿಯಲ್ಲಿ ಫಿಲಾಂಥಿನ್, ಹೈಪೋಫಿಲಾಂಥಿನ್ ಮೊದಲಾದ ವಸ್ತುಗಳಿರುವುದನ್ನು ರಸಾಯನಶಾಸ್ತ್ರಜ್ಞರು ಬೇರ್ಪಡಿಸಿ ತೋರಿಸಿರುವರು. ಆದುದರಿಂದ ಪರೀಕ್ಷೆ ಅವಶ್ಯ. ಸಂತೋಷದ ಸಂಗತಿಯೆಂದರೆ, ಈ ಪರೀಕ್ಷೆ ನಡೆದಿದೆ. ಅದರ ಕಥೆಯನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಕೇಳಿಲ್ಲ.

ಹೆಪಟೈಟಿಸ್ ‘ಬಿ’ ವೈರಸನ್ನು ಕಂಡುಹಿಡಿದುದಕ್ಕಾಗಿ ೧೯೭೬ರಲ್ಲಿ ನೊಬೆಲ್ ಬಹುಮಾನ ಪಡೆದ ಅಮೆರಿಕದ ಬರೂಚ್ ಬ್ಲೂಮ್‌ಬರ್ಗ್ ಎಂಬ ವಿಜ್ಞಾನಿ ನಮ್ಮ ಈ ಬದುವಿನ ಗಿಡದಲ್ಲಿ ಆಸಕ್ತಿ ತಳೆದರು. ಮದರಾಸಿನ ತ್ಯಾಗರಾಜನ್ ಮೊದಲಾದ ಸಂಶೋಧಕರೊಡನೆ ಕೂಡಿ ಅವರು ನಡೆಸಿದ ಪ್ರಯೋಗದ ವರದಿ ೧೯೮೮ರಲ್ಲಿ ‘ಲ್ಯಾನ್ಸೆಟ್’ ಎಂಬ ಪ್ರಖ್ಯಾತ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ‘ಬಿ’ ವೈರಸನ್ನು ಬಹುಕಾಲದಿಂದ ಮೈಯಲ್ಲಿ ಹೊತ್ತವರಲ್ಲಿ ಕೆಲವರಿಗೆ ನೆಲನೆಲ್ಲಿಯ ಪುಡಿಯನ್ನು ೩೦ ದಿನ ಕೊಟ್ಟರು. ಉಳಿದವರಿಗೆ ನೋಡಲು ಹಾಗೆಯೇ ಇರುವ, ಆದರೆ ಗಿಡವಿಲ್ಲದ ಪುಡಿಯನ್ನು ಕೊಟ್ಟರು. ಈ ಎರಡನೆಯ ಗುಂಪೇ ನಾವು ಹೇಳಿದ ಶೂನ್ಯದೋಷದ ಅಳತೆ. ಔಷಧ ನಿಲ್ಲಿಸಿದ ೧೫-೨೦ ದಿನಗಳ ಮೇಲೆ ರಕ್ತ ಪರೀಕ್ಷಿಸಿದಾಗ, ಗಿಡ ಪಡೆದ ೩೭ ಮಂದಿಯಲ್ಲಿ ೨೨ ಮಂದಿಯ ರಕ್ತದಲ್ಲಿ ವೈರಸಿನ ಗುರುತು ಮಾಯವಾಗಿತ್ತು. ಗಿಡ ಪಡೆಯದ ೨೩ ಮಂದಿಯಲ್ಲಿ ಒಬ್ಬನಿಗೆ ಮಾತ್ರ. ನೂರಕ್ಕೆ ಐವತ್ತೊಂಬತ್ತು ಒಂದು ಕಡೆ, ನೂರಕ್ಕೆ ನಾಲ್ಕು ಇನ್ನೊಂದು ಕಡೆ!

ಇಲ್ಲಿಗೆ ಕಥೆಯನ್ನು ನಿಲ್ಲಿಸಿ ಜಯಘೋಷ ಮಾಡುವವರು ನಮ್ಮಲ್ಲಿ ಇದ್ದಾರೆ. ಔಷಧಿಯ ಸೀಸೆಗಳ ಜಾಹೀರಾತುಗಳು ಇಲ್ಲಿಗೇ ನಿಲ್ಲುತ್ತವೆ. ವಿಜ್ಞಾನ ನಿಲ್ಲಲಿಲ್ಲ. ಥಾಯ್ಲೆಂಡಿನಲ್ಲಿ ೧೯೯೦ರಲ್ಲಿಯೂ ನ್ಯೂಜಿಲೆಂಡಿನಲ್ಲಿ ೧೯೯೪ರಲ್ಲಿಯೂ ಇದೇ ಗಿಡದಿಂದ ಪ್ರಯೋಗ ನಡೆಸಿದವರಿಗೆ ಆ ಫಲ ದೊರೆಯಲಿಲ್ಲ. ೨೦೧೧ರಲ್ಲಿ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಘಟನೆಯವರು ಈ ಕುಲದ ಗಿಡಗಳ ಮೇಲೆ ನಡೆದ ೧೬ ಪ್ರಯೋಗಗಳನ್ನು, ಒಟ್ಟು ೧೩೨೬ ರೋಗಿಗಳ ವಿವರವನ್ನು, ಒಂದೆಡೆ ಕೂಡಿಸಿ ನೋಡಿದರು. ಹುಸಿ ಔಷಧಿಗಿಂತ ಗಿಡ ಮೇಲೆಂದು ಒಪ್ಪಬಹುದಾದ ಪುರಾವೆ ಅವರಿಗೆ ಕಾಣಿಸಲಿಲ್ಲ. ಮೊದಲನೆಯ ಪ್ರಯೋಗದವರು ವಂಚಕರೆಂದು ಇದರ ಅರ್ಥವಲ್ಲ. ಸಣ್ಣ ಗುಂಪುಗಳಲ್ಲಿ ಆಕಸ್ಮಿಕದ ಆಟ ದೊಡ್ಡದು. ಒಂದೂರಿನ ಗಿಡದ ಸಾರ ಇನ್ನೊಂದೂರಿನ ಗಿಡದಲ್ಲಿ ಇಲ್ಲದಿರಬಹುದು. ಅದೇನೇ ಇರಲಿ, ಒಬ್ಬರ ಕೈಯಲ್ಲಿ ಬಂದ ಫಲ ಇನ್ನೊಬ್ಬರ ಕೈಯಲ್ಲಿಯೂ ಬಂದಾಗಲೇ ಅದು ಎಲ್ಲರ ಸ್ವತ್ತಾಗುವುದು. ನೊಬೆಲ್ ಬಹುಮಾನ ಪಡೆದವರ ಹೆಸರಿದ್ದರೂ ಅದಕ್ಕೆ ವಿನಾಯಿತಿಯಿಲ್ಲ.

ಗಿಡದ ಗುರುತಿನ ಪ್ರಶ್ನೆಯೂ ಸಣ್ಣದಲ್ಲ. ನಮ್ಮ ದೇಶದ ನೆಲನೆಲ್ಲಿಯನ್ನು ಬಹುಕಾಲ ಪುಸ್ತಕಗಳಲ್ಲಿ ಫಿಲಾಂಥಸ್ ನಿರೂರಿ ಎಂದು ಬರೆಯುತ್ತಿದ್ದರು. ಆ ಹೆಸರಿನ ಗಿಡ ಅಮೆರಿಕ ಖಂಡದ್ದು, ನಮ್ಮದು ಬೇರೆಯೆಂದು ಸಸ್ಯಶಾಸ್ತ್ರಜ್ಞರು ಆಮೇಲೆ ತೋರಿಸಿಕೊಟ್ಟರು. ೨೦೧೦ರಲ್ಲಿ ಬೆಂಗಳೂರಿನ ಸಂಶೋಧಕರು ದಕ್ಷಿಣ ಭಾರತದ ೨೫ ಅಂಗಡಿಗಳಿಂದ ಒಣಗಿಸಿ ಮಾರುವ ನೆಲನೆಲ್ಲಿಯನ್ನು ಕೊಂಡು ಪರೀಕ್ಷಿಸಿದಾಗ, ನಾಲ್ಕರಲ್ಲಿ ಸುಮಾರು ಮೂರು ಅಂಗಡಿಗಳ ಸರಕು ಸರಿಯಾಗಿತ್ತು; ಉಳಿದವುಗಳಲ್ಲಿ ಅದೇ ಕುಲದ ಬೇರೆ ಐದು ಜಾತಿಯ ಗಿಡಗಳು ಇದ್ದವು. ಸಸ್ಯಗಳನ್ನು ಚೆನ್ನಾಗಿ ಬಲ್ಲವರಿಗೆ ಮಾತ್ರ ತಿಳಿಯುವ ಬೆರಕೆಯಿದು. ಅಂಗಡಿಯವರಿಗೂ ಗೊತ್ತಿರಲಾರದು.

“ಗುಣವಾಗದಿದ್ದರೆ ಬೇಡ, ಕೆಡುಕಂತೂ ಇಲ್ಲವಷ್ಟೆ” ಎಂಬ ಸಮಾಧಾನದ ಮಾತನ್ನು ನಾವು ಬಹಳ ಕೇಳಿದ್ದೇವೆ. ಕೆಡುಕು ಎರಡು ದಾರಿಯಿಂದ ಬರುವುದು. ಒಂದು, ಗಿಡದಿಂದಲೇ. ಕೊರೊನಾ ಹಾವಳಿಯ ೨೦೨೦ನೆಯ ವರ್ಷದಲ್ಲಿ ಬೇಲಿಯ ಮೇಲಿನ ಅಮೃತಬಳ್ಳಿಯನ್ನು ಕಷಾಯ ಮಾಡಿ ಕುಡಿಯದ ಮನೆ ನಮ್ಮೂರಲ್ಲಿ ವಿರಳ. ಮುಂಬಯಿಯ ವೈದ್ಯರು ಆ ವರ್ಷದ ಕೊನೆಯ ತಿಂಗಳುಗಳಲ್ಲಿ, ಅಮೃತಬಳ್ಳಿಯನ್ನು ಸೇವಿಸಿದ ಮೇಲೆ ಯಕೃತ್ತಿಗೆ ಪೆಟ್ಟುಬಿದ್ದ ಆರು ಮಂದಿಯನ್ನು ಕಂಡು ೨೦೨೧ರಲ್ಲಿ ವರದಿ ಮಾಡಿದರು. ಮರುವರ್ಷ ದೇಶದ ೧೩ ಆಸ್ಪತ್ರೆಗಳಿಂದ ೪೩ ಮಂದಿಯ ವಿವರ ಬಂದಿತು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ, ಬಳ್ಳಿಯ ಗುರುತೇ ತಪ್ಪಿರಬಹುದೆಂದಿತು. ವಾದ ಹಾಗಿರಲಿ. ಯಕೃತ್ತಿನ ಬೇನೆಯುಳ್ಳವನಿಗೆ ಯಕೃತ್ತನ್ನೇ ನೋಯಿಸಬಲ್ಲ ಸೊಪ್ಪು ಕೈತಪ್ಪಿ ಸಿಕ್ಕುವುದು ಅಸಂಭವವಲ್ಲವೆಂಬಷ್ಟು ಮಾತ್ರ ಇದರಿಂದ ನಿಶ್ಚಿತ.

ಎರಡನೆಯ ಕೆಡುಕು ಕಾಲಹರಣ. ಇದನ್ನು ಬರೆಯುವಾಗ ನಮಗೆ ಒಂದು ಮನೆ ನೆನಪಾಗುತ್ತದೆ. ನಮ್ಮ ದೂರದ ಬಂಧುಗಳ ಸೊಸೆ, ಎಂಟು ತಿಂಗಳ ಬಸುರಿ, ಕಣ್ಣು ಹಳದಿಯಾದಾಗ ಮನೆಯವರು ವಾರದ ಔಷಧ ಕೊಡಿಸಿದರು. ಮೊದಲನೆಯ ಗುರುವಾರ ಒಂದು, ಆದಿತ್ಯವಾರ ಇನ್ನೊಂದು. ಮೂರನೆಯದಕ್ಕೆ ಹೋಗುವ ಮುನ್ನ ಆಕೆ ತೂಕಡಿಸತೊಡಗಿದಳು, ಕರೆದರೆ ಸರಿಯಾಗಿ ಓಗೊಡಲಿಲ್ಲ. ಹಸಿದು ನಿಶ್ಶಕ್ತಿಯಾಗಿದೆಯೆಂದು ಎಲ್ಲರೂ ತಿಳಿದರು, ಏಕೆಂದರೆ ಪಥ್ಯವೆಂದು ಅನ್ನ-ಮಜ್ಜಿಗೆಯ ಹೊರತು ಏನನ್ನೂ ಕೊಟ್ಟಿರಲಿಲ್ಲ. ಆಕೆಯೂ ಉಳಿಯಲಿಲ್ಲ, ಕೂಸೂ ಉಳಿಯಲಿಲ್ಲ. ಹೆಪಟೈಟಿಸ್ ‘ಇ’ ವೈರಸು ಬೇರೆಯವರಲ್ಲಿ ‘ಎ’ಯಂತೆಯೇ ಬಂದುಹೋಗುವುದಾದರೂ, ಬಸುರಿನ ಕೊನೆಯ ಮೂರು ತಿಂಗಳಲ್ಲಿ ತಗುಲಿದರೆ ನೂರರಲ್ಲಿ ಇಪ್ಪತ್ತು-ಇಪ್ಪತ್ತೈದು ಮಂದಿಯನ್ನು ಒಯ್ಯಬಲ್ಲುದು. ಇದನ್ನು ನಾವು ಆಗ ತಿಳಿದಿರಲಿಲ್ಲ. ತಿಳಿದಿದ್ದರೆ ಔಷಧ ಕೊಟ್ಟವರೊಡನೆ ವಾದಕ್ಕೆ ನಿಲ್ಲದೆ ಗಾಡಿ ತರಿಸುತ್ತಿದ್ದೆವು. ಕಾಮಣಿಯಾದವರು ಬಸುರಿಯಾಗಿದ್ದರೆ, ಅಥವಾ ಮಂಪರು, ತಡೆಯದ ವಾಂತಿ, ಮಾತಿನಲ್ಲಿ ತಡವರಿಕೆ, ವಸಡಿನಿಂದ ರಕ್ತ, ಸುಣ್ಣದ ಬಣ್ಣದ ಮಲ ಇವುಗಳಲ್ಲಿ ಒಂದು ಕಂಡರೂ, ಆ ಗಳಿಗೆಯೇ ಆಸ್ಪತ್ರೆ. ಗದಗಿನಲ್ಲಿ ಈಗ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯೇ ಇದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಂದ ಅದು ಬಹುದೂರವಲ್ಲ.

ಇನ್ನೊಂದು ಮಾತನ್ನು ಭೌತವಿಜ್ಞಾನದವರಾಗಿ ಹೇಳದೆ ಬಿಡಲಾರೆವು. ೧೯೫೫-೫೬ರ ಚಳಿಗಾಲದಲ್ಲಿ ದಿಲ್ಲಿಯಲ್ಲಿ ಸುಮಾರು ೨೯,೦೦೦ ಮಂದಿಗೆ ಕಾಮಣಿಯಾಯಿತು. ಯಮುನೆಯ ನೀರಿನೊಳಗೆ ಚರಂಡಿಯ ನೀರು ಸೇರಿ ಊರಿಗೆಲ್ಲ ಹಂಚಿಹೋದುದೇ ಕಾರಣ. ನಮ್ಮ ಊರುಗಳಲ್ಲಿ ನಳದ ನೀರು ದಿನಗಟ್ಟಲೆ ಬಿಟ್ಟು ಬರುವುದು ಹೊಸತಲ್ಲ. ನೀರು ಹರಿಯುವಾಗ ಕೊಳವೆಯ ಒಳಗಿನ ಒತ್ತಡ ಹೊರಗಿನದಕ್ಕಿಂತ ಹೆಚ್ಚಾಗಿದ್ದು, ಬಿರುಕಿದ್ದರೆ ನೀರು ಹೊರಕ್ಕೆ ಸೋರುತ್ತದೆ. ನೀರು ನಿಂತು ಕೊಳವೆ ಬರಿದಾದಾಗ ಒಳಗಿನ ಒತ್ತಡ ತಗ್ಗುತ್ತದೆ. ಅದೇ ಬಿರುಕಿನಿಂದ ಪಕ್ಕದ ಗಟಾರದ ನೀರು ಒಳಕ್ಕೆ ನುಗ್ಗುತ್ತದೆ. ನಳಕ್ಕೆ ನೇರವಾಗಿ ಮೋಟರು ಹಚ್ಚಿ ಎಳೆಯುವವರು ಈ ನುಗ್ಗುವಿಕೆಗೆ ನೆರವಾಗುವರು. ಕಾಮಣಿಯ ಔಷಧಿಯ ಬಗ್ಗೆ ಕಟ್ಟೆಯ ಮೇಲೆ ಗಂಟೆಗಟ್ಟಲೆ ಚರ್ಚಿಸುವ ನಾವು, ಕಾಮಣಿ ಮನೆಗೆ ಬರುವ ಈ ದಾರಿಯನ್ನು ಕುರಿತು ಮಾತೆತ್ತುವುದಿಲ್ಲ. ಮೊದಲು ಬಂದ ನೀರನ್ನು ಚೆಲ್ಲಿ, ಆಮೇಲೆ ಹಿಡಿದುದನ್ನು ಚೆನ್ನಾಗಿ ಕುದಿಸಿದರೆ ಈ ವೈರಸುಗಳು ಉಳಿಯಲಾರವು.

ಹಾಗಾದರೆ ಹಳ್ಳಿಯ ಅರಿವೆಲ್ಲ ವ್ಯರ್ಥವೇ? ಖಂಡಿತ ಅಲ್ಲ. ಕಾಮಾಲೆಯ ಚರಿತ್ರೆಯಲ್ಲಿಯೇ ಒಂದು ಸೊಗಸಾದ ಪ್ರಸಂಗವುಂಟು. ೧೯೫೬ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಎಂಬಲ್ಲಿಯ ಆಸ್ಪತ್ರೆಯಲ್ಲಿ ಜೀನ್ ವಾರ್ಡ್ ಎಂಬ ದಾದಿ, ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಬಿಸಿಲಿಗೆ ಒಯ್ಯುತ್ತಿದ್ದಳು. ಬಿಸಿಲು ಬಿದ್ದ ಕಡೆ ಕೂಸಿನ ಮೈಯ ಹಳದಿ ಮಾಸಿದ್ದೂ, ಬಟ್ಟೆ ಮುಚ್ಚಿದ ಕಡೆ ಹಾಗೆಯೇ ಉಳಿದದ್ದೂ ಅವಳ ಕಣ್ಣಿಗೆ ಬಿತ್ತು. ಅವಳು ವೈದ್ಯರಿಗೆ ತೋರಿಸಿದಳು. ರಿಚರ್ಡ್ ಕ್ರೆಮರ್ ಮತ್ತು ಅವರ ಸಂಗಡಿಗರು ಅದನ್ನು ಅಳೆದು ನೋಡಿ ೧೯೫೮ರಲ್ಲಿ ಪ್ರಕಟಿಸಿದರು. ಸುಮಾರು ೪೬೦ ನ್ಯಾನೊಮೀಟರ್ ತರಂಗಾಂತರದ ನೀಲಿ ಬೆಳಕನ್ನು ಬಿಲಿರುಬಿನ್ ಹೀರಿಕೊಂಡು ತನ್ನ ಆಕಾರವನ್ನು ಬದಲಿಸುತ್ತದೆ. ಬದಲಾದ ರೂಪ ನೀರಿನಲ್ಲಿ ಕರಗಿ ಹೊರಹೋಗಬಲ್ಲುದು. ಇಂದು ಹೆರಿಗೆ ಆಸ್ಪತ್ರೆಗಳಲ್ಲಿ ಹಳದಿಯಾದ ಹಸುಳೆಯನ್ನು ಕಣ್ಣು ಮುಚ್ಚಿ ನೀಲಿ ದೀಪದಡಿ ಮಲಗಿಸುವುದು ಇದರಿಂದಲೇ. (ಕೂಸಿನ ಈ ಕಾಮಾಲೆ ಬೇರೆ, ದೊಡ್ಡವರದು ಬೇರೆ, ದೊಡ್ಡವರು ಬಿಸಿಲಿಗೆ ಮಲಗಿ ಬೆವರಬೇಕಾಗಿಲ್ಲ.) ಬಟ್ಟೆ ಮುಚ್ಚಿದ ಭಾಗ ಇಲ್ಲಿ ಏನು ಕೆಲಸ ಮಾಡಿತೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಅದೇ ಮತ್ತೆ ಶೂನ್ಯದೋಷದ ಅಳತೆ, ಒಂದೇ ಕೂಸಿನ ಮೈಮೇಲೆ!

ಚೀನದ ತೂ ಯೂಯೂ ಅವರ ಕಥೆಯೂ ಇಂಥದೇ. ಮಲೇರಿಯಕ್ಕೆ ಮದ್ದು ಹುಡುಕುತ್ತಿದ್ದ ಆಕೆ, ಸುಮಾರು ೧೬೦೦ ವರ್ಷಗಳ ಹಿಂದಿನ ವೈದ್ಯಗ್ರಂಥವೊಂದರಲ್ಲಿ ಒಂದು ಮೂಲಿಕೆಯನ್ನು ನೀರಲ್ಲಿ ನೆನೆಸಿ ಹಿಂಡಿ ಕುಡಿಯಬೇಕೆಂದಿದ್ದುದನ್ನು ಓದಿದರು. ಕುದಿಸಬೇಕೆಂದು ಅಲ್ಲಿರಲಿಲ್ಲ. ಕಾಯಿಸಿದ್ದರಿಂದಲೇ ಸಾರ ಕೆಡುತ್ತಿದೆಯೆಂದು ಊಹಿಸಿ ೧೯೭೧ರಲ್ಲಿ ಕಡಿಮೆ ಉಷ್ಣದಲ್ಲಿ ಈಥರಿನಿಂದ ಅದನ್ನು ತೆಗೆದರು. ೨೦೧೫ರಲ್ಲಿ ನೊಬೆಲ್ ಬಹುಮಾನ ಬಂದಿತು. ಹಳೆಯ ನೇಮದ ಒಂದು ಸಣ್ಣ ವಿವರ ಲಕ್ಷಾಂತರ ಜೀವಗಳನ್ನು ಉಳಿಸಿತು. ಆ ವಿವರ ಬರೆದಿಟ್ಟದ್ದರಿಂದ ಉಳಿದು ಬಂದಿತೆಂಬುದನ್ನು ಮರೆಯಲಾಗದು. ಬಾಯಿಬಿಟ್ಟರೆ ಗುಣ ಕೆಡುವುದೆಂದು ಆ ಗ್ರಂಥಕರ್ತನೂ ಸುಮ್ಮನಿದ್ದಿದ್ದರೆ?

ನಮ್ಮ ಕಡೆ ಎಷ್ಟು ಜನ ಹೀಗೆ ಸುಮ್ಮನೆ ತೀರಿಕೊಂಡಿರುವರೋ ಎಣಿಸಿದವರಿಲ್ಲ. ಎಪ್ಪತ್ತು ಗಿರಿ ನೋಡುವ ಬದಲು ಕಪ್ಪತಗಿರಿಯೊಂದನ್ನು ನೋಡೆಂಬ ಮಾತು ಈ ನಾಡಿನಲ್ಲಿದೆ. ಗದಗ, ಮುಂಡರಗಿ, ಶಿರಹಟ್ಟಿಗಳ ನಡುವೆ ಹಬ್ಬಿದ ಕಪ್ಪತಗುಡ್ಡ ಮೂಲಿಕೆಗಳ ಬೀಡೆಂದು ಪ್ರಸಿದ್ಧ. ೨೦೧೯ರಲ್ಲಿ ಅದರ ಸುಮಾರು ೨೪೪ ಚದರ ಕಿಲೋಮೀಟರು ವನ್ಯಜೀವಿಧಾಮವೆಂದು ಘೋಷಿತವಾಯಿತು. ಗಣಿಯವರಿಂದ ಗುಡ್ಡವನ್ನು ಉಳಿಸಿಕೊಳ್ಳಲು ಜನ ಬೀದಿಗಿಳಿದರು, ಸ್ವಾಮಿಗಳು ಮುಂದೆ ನಿಂತರು. ಗಿಡಗಳು ಉಳಿದವು. ಆದರೆ ಗಿಡದ ಜೊತೆಗಿನ ಮಾತು, ಯಾವುದನ್ನು ಯಾವ ಬೇನೆಗೆ ಯಾವ ಪ್ರಮಾಣದಲ್ಲಿ ಎಂಬ ಮಾತು, ಮುದುಕರೊಡನೆ ಹೋಗುತ್ತಿದೆ. ಪರೀಕ್ಷಿಸುವವನು ಬಂದಾಗ ಪರೀಕ್ಷೆಗೆ ಒಡ್ಡಲು ಏನು ಉಳಿದಿರುತ್ತದೆ?

ಆದಕಾರಣ ನಾವು ಆ ವಿದ್ಯಾರ್ಥಿಗೆ ಎರಡನೆಯ ಸಲ ಬೇರೆ ಉತ್ತರ ಕೊಟ್ಟೆವು. ಅವನಿಗೆ ಆರಾಮವಾದದ್ದು ನಿಜ. ಗಿಡದಿಂದ ಆಯಿತೋ ಇಲ್ಲವೋ ಅವನೊಬ್ಬನಿಂದ ತಿಳಿಯದು ಎಂದೆವು. ಅವನ ಊರಿನ ಹಿರಿಯರ ಬಳಿಗೆ ಹೋಗಿ, ಗೌರವದಿಂದ ಕೇಳಿ, ಗಿಡದ ಹೆಸರು, ಕಿತ್ತ ತಿಂಗಳು, ಕೊಟ್ಟ ಪ್ರಮಾಣ ಬರೆದುಕೊಂಡು, ಒಂದು ಕಡ್ಡಿಯನ್ನು ಹೂಕಾಯಿ ಸಹಿತ ಹಳೆಯ ವೃತ್ತಪತ್ರಿಕೆಯ ನಡುವೆ ಒತ್ತಿ ಒಣಗಿಸಿ ತರಬೇಕೆಂದೆವು. ಅಭಯಾರಣ್ಯದೊಳಗೆ ಕಾಲಿಟ್ಟು ಕೀಳಬಾರದು, ಅದು ಕಾನೂನಿಗೆ ವಿರುದ್ಧ. ನೆಲನೆಲ್ಲಿಗೆ ಗುಡ್ಡ ಹತ್ತಬೇಕಾಗಿಯೂ ಇಲ್ಲ. ಅವನು ಮೂವರು ಗೆಳೆಯರನ್ನು ಕೂಡಿಸಿಕೊಂಡನು. ಮುಂಡರಗಿಯಿಂದ ಎರಡು, ಶಿರಹಟ್ಟಿಯಿಂದ ಒಂದು, ಬೆಟಗೇರಿಯ ಹಿತ್ತಿಲೊಂದರಿಂದ ಒಂದು ಮಾದರಿ ಬಂದವು. ಸಸ್ಯಶಾಸ್ತ್ರದ ಸಹೋದ್ಯೋಗಿಗಳು ನೋಡಿ, ನಾಲ್ಕರಲ್ಲಿ ಮೂರು ನೆಲನೆಲ್ಲಿಯೇ ಎಂದರು. ನಾಲ್ಕನೆಯದು ಅಲ್ಲ, ಅದರ ಹಸಿ ಕಡ್ಡಿಯನ್ನು ಮುರಿದರೆ ಹಾಲು ಬರುತ್ತಿತ್ತೆಂದು ತಂದವನೇ ಬರೆದಿದ್ದನು, ನೆಲನೆಲ್ಲಿಯಲ್ಲಿ ಹಾಲು ಇಲ್ಲ. ಆ ಹಾಲಿನ ಗಿಡವನ್ನೂ ಒಬ್ಬರು ಕಾಮಣಿಗೇ ಕೊಡುತ್ತಿದ್ದರು, ಅದರಿಂದ ಗುಣವಾದವರ ಹೆಸರುಗಳೂ ಚೀಟಿಯಲ್ಲಿದ್ದವು. ಲಕ್ಷ್ಮೇಶ್ವರದ ಮಾದರಿ ಇನ್ನೂ ಬಂದಿಲ್ಲ. ಮಳೆಯಾದ ಮೇಲೆ ತರುವೆನೆಂದು ಆ ಊರಿನ ಹುಡುಗ ಹೇಳಿದ್ದಾನೆ.